ಹಣದ ಹೆಸರುಗಳು ಮತ್ತು ಚಿಹ್ನೆಗಳು: ಅವುಗಳ ಮೂಲ, ವ್ಯಾಪಾರಿಗೆ ಅವುಗಳ ಪಾಠ

ನಮ್ಮ ಅಂಗಡಿ, ಕಾರ್ಖಾನೆಗಳಿಂದ ಪ್ರತಿದಿನ ಹೊರಡುವ ಬಿಲ್ಲುಗಳ ಕೊನೆಯ ಸಾಲಿನಲ್ಲಿ ಸಾಮಾನ್ಯವಾಗಿ ‘ರೂ. 5,000/-’ ಎಂದು ಬರೆದಿರುತ್ತದೆ. ಈ ಪುಟ್ಟ ಬರಹದಲ್ಲಿ ಎರಡು ಬೇರೆ ಬೇರೆ ಪರಂಪರೆಗಳು ಸೇರಿವೆ. ಮೊದಲಿನ ‘ರೂ.’ ಎಂಬುದು ಪಾಣಿನಿಯ ವ್ಯಾಕರಣದಷ್ಟು ಹಳೆಯದಾದ ಸಂಸ್ಕೃತ ಪದವೊಂದರಿಂದ ಇಳಿದುಬಂದ ಹೆಸರಿನ ಸಂಕ್ಷೇಪ. ಕೊನೆಯಲ್ಲಿರುವ ಓರೆಗೆರೆ ಮತ್ತು ಅಡ್ಡಗೆರೆ ಇಂಗ್ಲೆಂಡಿನ ಷಿಲಿಂಗ್–ಪೆನ್ಸ್ ಲೆಕ್ಕದಿಂದ ಬಂದವು. ನಾವು ದಿನವೂ ಬರೆಯುವ, ಆದರೆ ಎಂದೂ ನಿಂತು ಯೋಚಿಸದ ಇಂತಹ ಗುರುತುಗಳ ಹಿಂದೆ ಎರಡು ಸಾವಿರ ವರ್ಷಗಳ ವ್ಯಾಪಾರದ ಅನುಭವವಿದೆ.

ಈ ವಿಷಯ ಕೇವಲ ಕುತೂಹಲದ್ದಲ್ಲ. ಸರಕು ರಫ್ತು ಮಾಡುವವರು, ಹೊರದೇಶದಿಂದ ಯಂತ್ರ ಅಥವಾ ಕಚ್ಚಾವಸ್ತು ತರಿಸುವವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಒಂದೇ ಹೆಸರಿನ ಹಲವು ಹಣಗಳು, ಒಂದೇ ಚಿಹ್ನೆಯ ಹಲವು ಹಣಗಳು ಜಗತ್ತಿನಲ್ಲಿ ಚಲಾವಣೆಯಲ್ಲಿವೆ. ದರಪಟ್ಟಿಯಲ್ಲಿಯೋ ಇನ್‌ವಾಯ್ಸಿನಲ್ಲಿಯೋ ಇವನ್ನು ಅರೆಬರೆಯಾಗಿ ಬರೆದರೆ ಸರಕು ತಲುಪಿದ ಮೇಲೂ ಹಣ ಬ್ಯಾಂಕಿನಲ್ಲಿ ನಿಲ್ಲಬಹುದು. ಹೆಸರು ಹೇಗೆ ಹುಟ್ಟಿತೆಂದು ತಿಳಿದರೆ, ಗೊಂದಲ ಎಲ್ಲಿ ಹುಟ್ಟುತ್ತದೆಂಬುದೂ ತಿಳಿಯುತ್ತದೆ.

ತೂಕವೇ ಹೆಸರಾದದ್ದು

ನಾಣ್ಯಗಳು ಬರುವ ಮೊದಲು ಬೆಲೆಯನ್ನು ಲೋಹದ ತೂಕದಿಂದ ಅಳೆಯುತ್ತಿದ್ದರು. ಆದುದರಿಂದಲೇ ಅನೇಕ ದೇಶಗಳ ಹಣದ ಹೆಸರು ಮೂಲದಲ್ಲಿ ತೂಕದ ಹೆಸರು. ಇಸ್ರೇಲಿನ ಶೆಕೆಲ್ ಮತ್ತು ಥಾಯ್ಲೆಂಡಿನ ಬಾತ್ ಹಿಂದೆ ತೂಕದ ಮಾನಗಳಾಗಿದ್ದವು. ಸ್ಪ್ಯಾನಿಷ್ ಭಾಷೆಯ ‘ಪೆಸೊ’ ಎಂಬ ಪದದ ಅರ್ಥವೇ ತೂಕ. ಗ್ರೀಕರ ‘ದ್ರಾಖ್ಮೆ’ ಎಂದರೆ ಒಂದು ಹಿಡಿ ಎಂದು ಅರ್ಥ. ಇದೇ ಪದ ಅರಬ್ಬರಲ್ಲಿ ‘ದಿರ್ಹಮ್’ ಆಯಿತು, ನಮ್ಮ ದೇಶದಲ್ಲಿ ‘ದ್ರಮ್ಮ’ ಎಂಬ ನಾಣ್ಯನಾಮವಾಯಿತು. ಹಿಂದಿಯಲ್ಲಿ ಬೆಲೆ ಎಂಬ ಅರ್ಥದಲ್ಲಿ ಬಳಸುವ ‘ದಾಮ್’ ಕೂಡ ಇದೇ ಮೂಲದ್ದು.

ಪೌಂಡ್ ಎಂಬ ಹೆಸರಿನ ಕಥೆಯೂ ಇದೇ. ರೋಮನ್ನರು ‘ಲಿಬ್ರಾ’ ಎಂಬ ತೂಕವನ್ನು ಬಳಸುತ್ತಿದ್ದರು. ‘ತೂಕದಲ್ಲಿ ಒಂದು ಲಿಬ್ರಾ’ ಎನ್ನುವುದಕ್ಕೆ ಅವರು ಹೇಳುತ್ತಿದ್ದ ಮಾತಿನ ಮೊದಲ ಅರ್ಧ ‘ಲಿಬ್ರಾ’ ಇಟಲಿಯಲ್ಲಿ ‘ಲಿರಾ’ ಆಗಿ ಉಳಿಯಿತು; ಎರಡನೆಯ ಅರ್ಧ ‘ಪೊಂಡೊ’ ಇಂಗ್ಲೆಂಡಿನಲ್ಲಿ ‘ಪೌಂಡ್’ ಆಯಿತು. ಮಧ್ಯಯುಗದಲ್ಲಿ ಒಂದು ಪೌಂಡ್ ತೂಕದ ಬೆಳ್ಳಿಯಿಂದ 240 ಪೆನ್ನಿಗಳನ್ನು ಟಂಕಿಸುವ ಕ್ರಮವಿತ್ತು. ಹನ್ನೆರಡು ಪೆನ್ನಿಗೆ ಒಂದು ಷಿಲಿಂಗ್, ಇಪ್ಪತ್ತು ಷಿಲಿಂಗಿಗೆ ಒಂದು ಪೌಂಡ್ ಎಂಬ ಲೆಕ್ಕ ಹೀಗೆ ಬೆಳೆಯಿತು. ಬ್ರಿಟನ್ನು ಈ ಲೆಕ್ಕವನ್ನು ಕೈಬಿಟ್ಟು ದಶಮಾಂಶ ಪದ್ಧತಿಗೆ ಬಂದದ್ದು 1971ರ ಫೆಬ್ರವರಿ 15ರಂದು.

ಲೆಕ್ಕದ ಪುಸ್ತಕದಲ್ಲಿ ಪೌಂಡ್, ಷಿಲಿಂಗ್, ಪೆನ್ನಿಗಳನ್ನು ಲಿಬ್ರಾ, ಸಾಲಿಡಸ್, ಡಿನೇರಿಯಸ್ ಎಂಬ ರೋಮನ್ ಹೆಸರುಗಳ ಮೊದಲಕ್ಷರಗಳಿಂದ ಸೂಚಿಸುತ್ತಿದ್ದರು. ಸಾಲಿಡಸ್ ಎಂಬುದು ರೋಮನ್ನರ ಚಿನ್ನದ ನಾಣ್ಯ. ಷಿಲಿಂಗು ಮತ್ತು ಪೆನ್ಸುಗಳ ನಡುವೆ ಎಳೆಯುತ್ತಿದ್ದ ಓರೆಗೆರೆಗೂ ಸಾಲಿಡಸ್ ಎಂಬ ಹೆಸರೇ ಬಂತು. ‘ಐದು ಷಿಲಿಂಗ್ ಮಾತ್ರ, ಪೆನ್ಸ್ ಏನೂ ಇಲ್ಲ’ ಎಂಬುದನ್ನು ‘5/-’ ಎಂದು ಬರೆಯುತ್ತಿದ್ದರು. ಷಿಲಿಂಗ್ ಬ್ರಿಟನ್ನಿನಲ್ಲಿಯೇ ಇಲ್ಲವಾಯಿತು. ಆದರೆ ಅದರ ಗೆರೆಗಳು ನಮ್ಮ ಬಿಲ್ಲುಗಳಲ್ಲಿ ಇಂದಿಗೂ ಉಳಿದಿವೆ. ಅಂಕಿಯ ಮುಂದೆ ಯಾರೂ ಬೇರೆ ಅಂಕಿ ಸೇರಿಸದಂತೆ ಈ ಗೆರೆಗಳು ತಡೆಯುವುದರಿಂದ ನಮ್ಮ ವರ್ತಕರು ಅವನ್ನು ಬಿಟ್ಟಿಲ್ಲ.

ರೂಪಾಯಿ: ಮುದ್ರೆಯೊತ್ತಿದ ಬೆಳ್ಳಿ

ನಮ್ಮ ರೂಪಾಯಿಯ ಹೆಸರು ತೂಕದಿಂದ ಬಂದುದಲ್ಲ, ಮುದ್ರೆಯಿಂದ ಬಂದುದು. ‘ರೂಪ’ ಎಂದರೆ ಆಕಾರ, ಚಿತ್ರ. ರೂಪವನ್ನು ಒತ್ತಿದ್ದು ‘ರೂಪ್ಯ’. ಪಾಣಿನಿಯು ಅಷ್ಟಾಧ್ಯಾಯಿಯ ಒಂದು ಸೂತ್ರದಲ್ಲಿ ಈ ಪದವನ್ನು ‘ಆಹತ’, ಅಂದರೆ ಹೊಡೆದು ಅಚ್ಚೊತ್ತಿದ ಎಂಬ ಅರ್ಥದಲ್ಲಿಯೇ ಸಾಧಿಸಿದ್ದಾನೆ. ಮುಂದೆ ಇದೇ ಪದ ಬೆಳ್ಳಿಗೂ ಹೆಸರಾಯಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಟಂಕಸಾಲೆಯ ಮೇಲ್ವಿಚಾರಕನಾದ ಲಕ್ಷಣಾಧ್ಯಕ್ಷನ ಜೊತೆಗೆ ‘ರೂಪದರ್ಶಕ’ ಎಂಬ ಅಧಿಕಾರಿಯ ಉಲ್ಲೇಖವಿದೆ. ನಾಣ್ಯಗಳನ್ನು ಪರೀಕ್ಷಿಸಿ, ಚಲಾವಣೆಗೆ ಯೋಗ್ಯವೇ ಅಲ್ಲವೇ ಎಂದು ನಿರ್ಣಯಿಸುವುದು ಅವನ ಕೆಲಸ. ಮುದ್ರೆ ಇದ್ದರೆ ಸಾಲದು, ಮುದ್ರೆಯನ್ನು ನೋಡಿ ಹೇಳುವವನೂ ಬೇಕು ಎಂಬ ತಿಳಿವಳಿಕೆ ಆ ಕಾಲದಲ್ಲಿಯೇ ಇತ್ತು.

‘ರೂಪಯಾ’ ಎಂಬ ಹೆಸರಿನಲ್ಲಿ ನಿಶ್ಚಿತ ತೂಕದ ಬೆಳ್ಳಿಯ ನಾಣ್ಯವನ್ನು ನೆಲೆಗೊಳಿಸಿದವನು 1540ರಿಂದ 1545ರವರೆಗೆ ಆಳಿದ ಶೇರ್ ಶಾ ಸೂರಿ. ಅದರ ತೂಕ ಸುಮಾರು 178 ಗ್ರೇನ್, ಅಂದರೆ ಹನ್ನೊಂದೂವರೆ ಗ್ರಾಂ. ಮೊಗಲರು ಆ ಪದ್ಧತಿಯನ್ನು ಮುಂದುವರಿಸಿದರು. ಆದರೆ ದೇಶದ ಬೇರೆ ಬೇರೆ ಟಂಕಸಾಲೆಗಳಿಂದ ಹೊರಬಿದ್ದ ರೂಪಾಯಿಗಳ ತೂಕ ಮತ್ತು ಶುದ್ಧತೆ ಕ್ರಮೇಣ ಬೇರೆ ಬೇರೆಯಾದವು. ಹೆಸರು ಒಂದೇ, ಬೆಲೆ ಮಾತ್ರ ಹಲವು ಎಂಬ ಸ್ಥಿತಿ ಉಂಟಾಯಿತು.

ಬಂಗಾಳದಲ್ಲಿ ಆ ವರ್ಷ ಹೊಸದಾಗಿ ಟಂಕಿಸಿದ ನಾಣ್ಯಕ್ಕೆ ‘ಸಿಕ್ಕಾ ರೂಪಾಯಿ’ ಎಂದು ಹೆಸರು. ಅದಕ್ಕೆ ಪೂರ್ಣ ಬೆಲೆ. ವರ್ಷಗಳು ಕಳೆದಂತೆ ಅದೇ ನಾಣ್ಯ ‘ಸನಾತ್’ ಎನಿಸಿಕೊಂಡು ಕಡಿಮೆ ಬೆಲೆಗೆ ಇಳಿಯುತ್ತಿತ್ತು. ಈ ಕಡಿತಕ್ಕೆ ‘ಬಟ್ಟಾ’ ಎಂದು ಹೆಸರು. ಎಷ್ಟು ಬಟ್ಟಾ ಹಿಡಿಯಬೇಕೆಂದು ನಿರ್ಧರಿಸುತ್ತಿದ್ದವರು ಸರಾಫರು. ಊರಿಂದೂರಿಗೆ ಸರಕು ಒಯ್ಯುವ ವ್ಯಾಪಾರಿ ತನ್ನ ಲಾಭದ ಒಂದು ಪಾಲನ್ನು ಸರಾಫನ ಕಟ್ಟೆಯ ಮೇಲೆಯೇ ಬಿಟ್ಟು ಬರಬೇಕಾಗಿತ್ತು. ಈ ತೊಡಕನ್ನು ತಪ್ಪಿಸಲು ಈಸ್ಟ್ ಇಂಡಿಯಾ ಕಂಪನಿಯು, ನಾಣ್ಯ ಯಾವ ವರ್ಷ ಟಂಕಿತವಾದರೂ ಅದರ ಮೇಲೆ ದೊರೆ ಶಾ ಆಲಂನ ಆಳ್ವಿಕೆಯ 19ನೆಯ ವರ್ಷವನ್ನೇ ಮುದ್ರಿಸುವ ಉಪಾಯ ಹೂಡಿತು. ಅರಬ್ಬಿಯಲ್ಲಿ ‘ಸಿಕ್ಕಾ’ ಎಂದರೆ ಅಚ್ಚು. ನಾವು ಪತ್ರಗಳ ಮೇಲೆ ‘ಸಹಿ ಮತ್ತು ಸಿಕ್ಕಾ’ ಹಾಕುವಾಗ ಬಳಸುವುದು ಇದೇ ಪದವನ್ನು.

1835ರಲ್ಲಿ ಕಂಪನಿಯು ತನ್ನ ಆಡಳಿತದ ಪ್ರದೇಶಗಳಿಗೆಲ್ಲ ಒಂದೇ ರೂಪಾಯಿಯನ್ನು ಜಾರಿಗೆ ತಂದಿತು. ಅದರ ತೂಕ 180 ಗ್ರೇನ್, ಅಂದರೆ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ನಮ್ಮ ಚಿನಿವಾರ ಪೇಟೆಯಲ್ಲಿ ಹಿರಿಯರು ಇಂದಿಗೂ ಹೇಳುವ ‘ತೊಲ’ ಇದೇ ತೂಕ. ಹದಿನಾರು ಆಣೆಗೆ ಒಂದು ರೂಪಾಯಿ, ಆಣೆಗೆ ನಾಲ್ಕು ಪೈಸೆ ಅಥವಾ ಹನ್ನೆರಡು ಪೈ ಎಂಬ ಲೆಕ್ಕ 1957ರ ಏಪ್ರಿಲ್ 1ರವರೆಗೆ ನಡೆಯಿತು. ಅಂದಿನಿಂದ ನೂರು ‘ನಯಾ ಪೈಸೆ’ಗೆ ಒಂದು ರೂಪಾಯಿಯಾಯಿತು, 1964ರಲ್ಲಿ ‘ನಯಾ’ ಎಂಬ ವಿಶೇಷಣವನ್ನು ಬಿಡಲಾಯಿತು. ಆದರೆ ಜನ ಐವತ್ತು ಪೈಸೆಯನ್ನು ‘ಎಂಟಾಣೆ’ ಎನ್ನುವುದನ್ನು ಬಿಡಲಿಲ್ಲ. ಪೂರ್ತಿ ನಿಜವಾದುದನ್ನು ‘ಹದಿನಾರಾಣೆ ನಿಜ’ ಎನ್ನುವುದನ್ನೂ ಬಿಡಲಿಲ್ಲ.

ಈ ನಡುವೆ ರೂಪಾಯಿಯ ಒಳಗಿನ ಬೆಳ್ಳಿ ಕರಗಿತು. 1940ರಲ್ಲಿ ಬೆಳ್ಳಿಯ ಪ್ರಮಾಣ ಅರ್ಧಕ್ಕೆ ಇಳಿಯಿತು. 1947ರಲ್ಲಿ ನಿಕಲ್ಲಿನ ರೂಪಾಯಿ ಬಂತು. ಈಗಿರುವುದು ತುಕ್ಕುಹಿಡಿಯದ ಉಕ್ಕಿನ ನಾಣ್ಯ. ಬೆಳ್ಳಿ ಎಂಬ ಅರ್ಥದ ಹೆಸರಿನ ನಾಣ್ಯದಲ್ಲಿ ಬೆಳ್ಳಿ ಸ್ವಲ್ಪವೂ ಇಲ್ಲ. ಆದರೂ ವ್ಯವಹಾರ ನಡೆಯುತ್ತಿದೆ. ಏಕೆಂದರೆ ನಂಬಿಕೆ ಲೋಹದಿಂದ ಶಾಸನಕ್ಕೆ, ಬರಹಕ್ಕೆ ವರ್ಗವಾಗಿದೆ. ಎರಡು ರೂಪಾಯಿ ಮತ್ತು ಅದಕ್ಕೆ ಮೇಲಿನ ಮುಖಬೆಲೆಯ ನೋಟುಗಳು ರಿಸರ್ವ್ ಬ್ಯಾಂಕಿನ ಗವರ್ನರರು ಸಹಿ ಮಾಡಿದ ವಾಗ್ದಾನ. ನೋಟಿನ ಭಾಷಾ ಫಲಕದಲ್ಲಿ ಕನ್ನಡವೂ ಸೇರಿ 15 ಭಾಷೆಗಳಲ್ಲಿ ಮೊತ್ತವನ್ನು ಅಕ್ಷರಗಳಲ್ಲಿ ಮುದ್ರಿಸಿರುವುದು ಈ ಕಾರಣದಿಂದಲೇ ಅರ್ಥಪೂರ್ಣವಾಗಿದೆ.

ಕನ್ನಡ ನಾಡಿನ ನಾಣ್ಯನಾಮಗಳು

ಕನ್ನಡದಲ್ಲಿ ಇಂದು ಸಂಪತ್ತಿಗೆ ಬಳಸುವ ಸಾಮಾನ್ಯ ಪದಗಳಲ್ಲಿ ಹಲವು ಹಿಂದೆ ನಿರ್ದಿಷ್ಟ ನಾಣ್ಯಗಳ ಹೆಸರುಗಳಾಗಿದ್ದವು. ‘ಹಣ’ ಎಂಬುದು ಸಂಸ್ಕೃತದ ‘ಪಣ’ದಿಂದ ಬಂದುದು, ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾದಂತೆ ಪಣ ಹಣವಾಯಿತು, ‘ಪೊನ್’ ಹೊನ್ನಾಯಿತು. ಹಣ ಎಂಬುದು ಚಿಕ್ಕ ಚಿನ್ನದ ನಾಣ್ಯ. 1638ರಿಂದ 1659ರವರೆಗೆ ಮೈಸೂರನ್ನು ಆಳಿದ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ‘ಕಂಠೀರವ ಹಣ’ ಪ್ರಸಿದ್ಧವಾದುದು. ಅಂತಹ ಹತ್ತು ಹಣಗಳನ್ನು ಲೆಕ್ಕದಲ್ಲಿ ಒಂದು ವರಾಹವೆಂದು ಎಣಿಸುತ್ತಿದ್ದರು. ಹಣದ ನಾಲ್ಕನೆಯ ಒಂದು ಪಾಲು ಹಾಗ, ಹದಿನಾರನೆಯ ಒಂದು ಪಾಲು ವೀಸ. ಶಾಸನಗಳಲ್ಲಿ ದೇವಾಲಯಗಳಿಗೆ, ಕೆರೆಗಳಿಗೆ ಬಿಟ್ಟ ದತ್ತಿಗಳನ್ನು ಗದ್ಯಾಣ, ಪಣ, ಹಾಗ, ವೀಸಗಳಲ್ಲಿ ವಿವರಿಸಿರುವುದನ್ನು ಕಾಣುತ್ತೇವೆ. ‘ಕಾಸು’, ‘ದುಡ್ಡು’ ಎಂಬವೂ ಸಣ್ಣ ಬೆಲೆಯ ನಾಣ್ಯಗಳೇ. ನಾವು ಬಳಸುವ ‘ನಗದು’ ಅರಬ್ಬಿ ಮೂಲದ್ದು. ಕೈಯಲ್ಲಿ ಕೊಡುವ ಹಣ ಎಂಬುದು ಅದರ ಅರ್ಥ.

ವರಾಹ ಎಂಬ ಹೆಸರು ಚಾಲುಕ್ಯರ ಲಾಂಛನವಾಗಿದ್ದ ವರಾಹದಿಂದ ಬಂದಿತೆಂದು ಹೇಳುತ್ತಾರೆ. ಮುಂದೆ ವಿಜಯನಗರದ ಅರಸರ ಚಿನ್ನದ ನಾಣ್ಯಗಳ ಮೇಲೆ ಬೇರೆ ದೇವತೆಗಳ ಮೂರ್ತಿಗಳು ಬಂದವು. ಕೃಷ್ಣದೇವರಾಯನ ನಾಣ್ಯದ ಮೇಲೆ ಬಾಲಕೃಷ್ಣನಿದ್ದಾನೆ. ಆದರೂ ನಾಣ್ಯಕ್ಕೆ ವರಾಹ ಎಂಬ ಹೆಸರೇ ನಿಂತಿತು. ಸುಮಾರು 3.4 ಗ್ರಾಂ ತೂಕದ ಈ ನಾಣ್ಯವನ್ನು ಐರೋಪ್ಯ ವರ್ತಕರು ‘ಪಗೋಡ’ ಎಂದು ಕರೆದರು. ಮದ್ರಾಸ್ ಪ್ರಾಂತ್ಯದಲ್ಲಿ 1818ರಲ್ಲಿ ಬೆಳ್ಳಿಯ ರೂಪಾಯಿ ಅಧಿಕೃತ ಮಾನವಾಗುವವರೆಗೆ ಪಗೋಡದಲ್ಲಿಯೇ ಲೆಕ್ಕ ನಡೆಯುತ್ತಿತ್ತು.

ಹೆಸರನ್ನು ಆಜ್ಞೆಯಿಂದ ಬದಲಾಯಿಸುವುದು ಸುಲಭವಲ್ಲವೆಂಬುದಕ್ಕೂ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಟಿಪ್ಪು ಸುಲ್ತಾನನು ತನ್ನ ಪ್ರತಿಯೊಂದು ನಾಣ್ಯಕ್ಕೂ ಹೊಸ ಹೆಸರಿಟ್ಟನು. ಎರಡು ರೂಪಾಯಿಯ ನಾಣ್ಯ ‘ಹೈದರಿ’, ರೂಪಾಯಿ ‘ಇಮಾಮಿ’, ತಾಮ್ರದ ಪೈಸೆ ‘ಜೊಹ್ರಾ’ ಎನಿಸಿದವು. ನಾಣ್ಯಗಳು ಸುಂದರವಾಗಿದ್ದವು, ಇಂದಿಗೂ ಸಂಗ್ರಾಹಕರು ಅವನ್ನು ಹುಡುಕಿ ಕೊಳ್ಳುತ್ತಾರೆ. ಆದರೆ ಆ ಹೆಸರುಗಳು ಸಂತೆಯ ಮಾತಿನಲ್ಲಿ ಉಳಿಯಲಿಲ್ಲ. ರೂಪಾಯಿ, ಹಣ, ಕಾಸು, ದುಡ್ಡುಗಳೇ ಉಳಿದವು.

ಕಣಿವೆಯಿಂದ ಡಾಲರ್, ದುಂಡಿನಿಂದ ಯೆನ್

ನಮ್ಮ ರಫ್ತುದಾರರು ಹೆಚ್ಚಾಗಿ ವ್ಯವಹರಿಸುವ ಡಾಲರಿನ ಹೆಸರು ಅಮೆರಿಕದಲ್ಲಿ ಹುಟ್ಟಿದ್ದಲ್ಲ. ಈಗಿನ ಚೆಕ್ ಗಣರಾಜ್ಯದಲ್ಲಿರುವ ಯಾಖಿಮೋವ್ ಎಂಬ ಚಿಕ್ಕ ಊರಿಗೆ ಜರ್ಮನ್ ಭಾಷೆಯಲ್ಲಿ ‘ಯೋವಾಕಿಮ್ಸ್‌ತಾಲ್’, ಅಂದರೆ ಯೋವಾಕಿಮನ ಕಣಿವೆ ಎಂದು ಹೆಸರಿತ್ತು. ಅಲ್ಲಿ ಬೆಳ್ಳಿಯ ಗಣಿ ದೊರೆತು, 1520ರ ಸುಮಾರಿಗೆ ದೊಡ್ಡ ಬೆಳ್ಳಿಯ ನಾಣ್ಯಗಳನ್ನು ಟಂಕಿಸತೊಡಗಿದರು. ‘ಯೋವಾಕಿಮ್ಸ್‌ತಾಲರ್’ ಎಂಬ ಉದ್ದ ಹೆಸರು ವರ್ತಕರ ಬಾಯಲ್ಲಿ ‘ತಾಲರ್’ ಆಯಿತು, ಡಚ್ಚರಲ್ಲಿ ‘ದಾಲ್ಡರ್’ ಆಯಿತು, ಇಂಗ್ಲಿಷಿನಲ್ಲಿ ‘ಡಾಲರ್’ ಆಯಿತು. ಸ್ಪೇನಿನ ಎಂಟು ರಿಯಾಲಿನ ಬೆಳ್ಳಿ ನಾಣ್ಯವನ್ನೂ ಇಂಗ್ಲಿಷರು ಡಾಲರ್ ಎಂದೇ ಕರೆದರು. ಸ್ವತಂತ್ರವಾದ ಅಮೆರಿಕ ಸಂಯುಕ್ತ ಸಂಸ್ಥಾನವು 1785ರಲ್ಲಿ ಈ ಹೆಸರನ್ನು ತನ್ನ ಹಣಕ್ಕೆ ಒಪ್ಪಿಕೊಂಡು 1792ರ ಶಾಸನದಿಂದ ಅದನ್ನು ನೆಲೆಗೊಳಿಸಿತು. ಸ್ಪೇನಿನ ನಾಣ್ಯ ಅಲ್ಲಿ 1857ರವರೆಗೆ ಕಾನೂನುಬದ್ಧವಾಗಿ ಚಲಾವಣೆಯಲ್ಲಿತ್ತು.

ಇದೇ ಸ್ಪೇನಿನ ನಾಣ್ಯ ಸಮುದ್ರ ದಾಟಿ ಚೀನಾಕ್ಕೂ ಹೋಯಿತು. ತೂಕ ಹಾಕಿದ ಬೆಳ್ಳಿ ಗಟ್ಟಿಗಳಿಗೆ ಹೊಂದಿಕೊಂಡಿದ್ದ ಚೀನೀ ವರ್ತಕರು ಈ ದುಂಡಗಿನ ನಾಣ್ಯವನ್ನು ‘ದುಂಡನೆಯದು’ ಎಂಬ ಅರ್ಥದ ಪದದಿಂದ ಕರೆದರು. ಆ ಪದವೇ ಚೀನಾದಲ್ಲಿ ‘ಯುವಾನ್’, ಜಪಾನಿನಲ್ಲಿ 1871ರಿಂದ ‘ಯೆನ್’, ಕೊರಿಯಾದಲ್ಲಿ ‘ವಾನ್’. ಮೂರು ದೇಶಗಳ ಮೂರು ಬೇರೆ ಹಣಗಳಿಗೆ ಮೂಲ ಒಂದೇ ಪದ.

ಇನ್ನು ಕೆಲವು ಹೆಸರುಗಳು ರಾಜಸತ್ತೆಯವು. ಅರಬ್ ದೇಶಗಳ ‘ರಿಯಾಲ್’ ಸ್ಪ್ಯಾನಿಷ್ ಮೂಲದ್ದು. ಅದರ ಅರ್ಥ ರಾಜನಿಗೆ ಸೇರಿದ್ದು. ಸ್ವೀಡನ್ನಿನ ಕ್ರೋನ, ಡೆನ್ಮಾರ್ಕಿನ ಕ್ರೋನೆ ಎಂದರೆ ಕಿರೀಟ. ಮಳೆಯನ್ನೇ ನೆಚ್ಚಿರುವ ಒಣನಾಡಾದ ಬೋಟ್ಸ್‌ವಾನ 1976ರಲ್ಲಿ ತನ್ನ ಹಣಕ್ಕೆ ಇಟ್ಟ ಹೆಸರು ‘ಪುಲ’. ಅವರ ಭಾಷೆಯಲ್ಲಿ ಪುಲ ಎಂದರೆ ಮಳೆ.

ಚಿಹ್ನೆಗಳನ್ನು ಮಾಡಿದವರು ಯಾರು?

ಹಳೆಯ ಚಿಹ್ನೆಗಳನ್ನು ಯಾವ ರಾಜನೂ ರೂಪಿಸಲಿಲ್ಲ. ಲೆಕ್ಕ ಬರೆಯುವವರ ಅವಸರದ ಕೈ ಅವನ್ನು ರೂಪಿಸಿತು. ಪೌಂಡಿನ £ ಚಿಹ್ನೆ ‘ಲಿಬ್ರಾ’ ಪದದ ಮೊದಲಕ್ಷರವಾದ ‘ಎಲ್’. ಸಂಕ್ಷೇಪವೆಂದು ಸೂಚಿಸಲು ಅದರ ಮೇಲೊಂದು ಅಡ್ಡಗೆರೆ. ಡಾಲರಿನ $ ಚಿಹ್ನೆಯ ಬಗ್ಗೆ ಅನೇಕ ಕಥೆಗಳು ಪ್ರಚಾರದಲ್ಲಿವೆ. ಹಳೆಯ ಕೈಬರಹಗಳನ್ನು ಪರಿಶೀಲಿಸಿದ ವಿದ್ವಾಂಸರ ಪ್ರಕಾರ ಅದು ‘ಪೆಸೊಗಳು’ ಎಂಬುದರ ಸಂಕ್ಷೇಪ. 18ನೆಯ ಶತಮಾನದ ಉತ್ತರಾರ್ಧದಲ್ಲಿ ವರ್ತಕರು ತಮ್ಮ ಲೆಕ್ಕಗಳಲ್ಲಿ ‘ಪಿ’ ಮತ್ತು ‘ಎಸ್’ ಅಕ್ಷರಗಳನ್ನು ಒಂದರ ಮೇಲೊಂದು ಬೀಳುವಂತೆ ಬರೆಯುತ್ತಿದ್ದರು. ಕ್ರಮೇಣ ‘ಪಿ’ಯ ಕಂಬ ಮಾತ್ರ ‘ಎಸ್’ ಮೇಲೆ ಉಳಿಯಿತು. ಆದುದರಿಂದಲೇ ಮೆಕ್ಸಿಕೋದ ಪೆಸೊವಿಗೂ ಇಂದು ಇದೇ ಚಿಹ್ನೆ.

ಹೊಸ ಚಿಹ್ನೆಗಳು ಸರ್ಕಾರಗಳ ಯೋಚಿತ ನಿರ್ಧಾರಗಳು. ಯೂರೋ ಎಂಬ ಹೆಸರನ್ನು 1995ರ ಡಿಸೆಂಬರಿನಲ್ಲಿ ಮ್ಯಾಡ್ರಿಡ್ ಸಭೆಯಲ್ಲಿ ನಿಶ್ಚಯಿಸಲಾಯಿತು. ಮರುವರ್ಷ ಪ್ರಕಟವಾದ € ಚಿಹ್ನೆಗೆ ಗ್ರೀಕ್ ಲಿಪಿಯ ‘ಎಪ್ಸಿಲಾನ್’ ಅಕ್ಷರ ಆಧಾರ. ಎರಡು ಸಮಾನಾಂತರ ಗೆರೆಗಳು ಸ್ಥಿರತೆಯ ಸಂಕೇತ. ರಷ್ಯಾ 2013ರಲ್ಲಿ ರೂಬಲ್ಲಿಗೂ, ಸೌದಿ ಅರೇಬಿಯಾ 2025ರ ಫೆಬ್ರವರಿಯಲ್ಲಿ ರಿಯಾಲಿಗೂ ಚಿಹ್ನೆಗಳನ್ನು ಅಂಗೀಕರಿಸಿದವು.

ನಮ್ಮ ₹ ಚಿಹ್ನೆಗೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿದ್ದು 2010ರ ಜುಲೈ 15ರಂದು. ಸ್ಪರ್ಧೆಗೆ ಬಂದ ಮೂರು ಸಾವಿರಕ್ಕೂ ಹೆಚ್ಚು ವಿನ್ಯಾಸಗಳಲ್ಲಿ ಡಿ. ಉದಯ ಕುಮಾರ್ ಅವರ ವಿನ್ಯಾಸ ಆಯ್ಕೆಯಾಯಿತು. ದೇವನಾಗರಿಯ ‘ರ’ ಅಕ್ಷರವನ್ನೂ ಕಂಬವಿಲ್ಲದ ರೋಮನ್ ‘ಆರ್’ ಅಕ್ಷರವನ್ನೂ ಅದರಲ್ಲಿ ಬೆಸೆಯಲಾಗಿದೆ. ಅದೇ ವರ್ಷ ಅದಕ್ಕೆ ಯೂನಿಕೋಡಿನಲ್ಲಿ ಸ್ಥಾನ ದೊರೆಯಿತು; 2011ರಿಂದ ನಾಣ್ಯಗಳ ಮೇಲೆಯೂ ಬಂತು. ಅದಕ್ಕೆ ಮೊದಲು ನಾವು ಬಳಸುತ್ತಿದ್ದ ಆಂಗ್ಲ ಸಂಕ್ಷೇಪ ಪಾಕಿಸ್ತಾನ, ನೇಪಾಳ, ಶ್ರೀಲಂಕಾಗಳ ರೂಪಾಯಿಗೂ ಸಾಮಾನ್ಯವಾಗಿತ್ತು. ₹ ಮಾತ್ರ ಭಾರತದ್ದೇ.

ಹೆಸರು ಒಂದು, ಹಣ ಹಲವು

ಮೇಲಿನ ಚರಿತ್ರೆಯಿಂದ ತಿಳಿಯುವುದೇನೆಂದರೆ, ಹೆಸರುಗಳು ಸರಕಿನಂತೆಯೇ ಪ್ರಯಾಣ ಮಾಡುತ್ತವೆ. ರೂಪಾಯಿ ಎಂಬ ಹೆಸರು ಮಾರಿಷಸ್, ಸೀಷೆಲ್ಸ್‌ಗಳಲ್ಲಿಯೂ ಇದೆ. ಇಂಡೋನೇಷ್ಯಾದಲ್ಲಿ ‘ರುಪಿಯಾ’, ಮಾಲ್ಡೀವ್ಸ್‌ನಲ್ಲಿ ‘ರುಫಿಯಾ’. ಡಾಲರ್ ಅಮೆರಿಕದ್ದಷ್ಟೇ ಅಲ್ಲ. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಂಗಪುರ, ಹಾಂಗ್‌ಕಾಂಗ್‌ಗಳದ್ದೂ ಹೌದು. ದಿನಾರ್ ಕುವೈತ್, ಬಹರೇನ್, ಜೋರ್ಡನ್, ಇರಾಕ್‌ಗಳಲ್ಲಿದೆ. ¥ ಚಿಹ್ನೆ ಚೀನಾ ಮತ್ತು ಜಪಾನ್ ಎರಡಕ್ಕೂ ಸೇರಿದ್ದು. ಆದರೆ ಒಂದು ಯುವಾನಿನ ಬೆಲೆ ಒಂದು ಯೆನ್ನಿನ ಹಲವು ಪಟ್ಟು.

ಒಂದೇ ಹೆಸರಿನ ಎರಡು ಹಣಗಳು ಬೇರೆಯಾದ ಪ್ರಸಂಗವನ್ನು ನಮ್ಮ ದೇಶವೇ ಕಂಡಿದೆ. ಕೊಲ್ಲಿ ರಾಷ್ಟ್ರಗಳಲ್ಲಿ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. ಅಲ್ಲಿಂದ ಚಿನ್ನದ ಕಳ್ಳಸಾಗಣೆಗೆ ಈ ಹಣ ಬಳಕೆಯಾಗುತ್ತಿದ್ದುದರಿಂದ 1959ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರದೇಶಕ್ಕೆಂದೇ ಪ್ರತ್ಯೇಕ ನೋಟುಗಳನ್ನು ಹೊರಡಿಸಿತು. 1961ರಲ್ಲಿ ಕುವೈತ್, 1965ರಲ್ಲಿ ಬಹರೇನ್ ತಮ್ಮದೇ ದಿನಾರ್ ಮಾಡಿಕೊಂಡವು. 1966ರ ಜೂನ್ 6ರಂದು ಡಾಲರೊಂದಕ್ಕೆ 4.76 ಇದ್ದ ರೂಪಾಯಿಯ ಬೆಲೆಯನ್ನು 7.50ಕ್ಕೆ ಇಳಿಸಲಾಯಿತು. ಆ ವರ್ಷವೇ ಕತಾರ್ ಹಾಗೂ ದುಬೈ ಮೊದಲಾದ ಸಂಸ್ಥಾನಗಳೂ ರೂಪಾಯಿಯನ್ನು ಬಿಟ್ಟವು. ಹೆಸರಿನ ಮೇಲಿನ ಅಭಿಮಾನಕ್ಕಿಂತ ಬೆಲೆಯ ಮೇಲಿನ ನಂಬಿಕೆ ದೊಡ್ಡದೆಂದು ಆ ಪ್ರಸಂಗ ತೋರಿಸಿತು. 2024ರ ಏಪ್ರಿಲಿನಲ್ಲಿ ಜಿಂಬಾಬ್ವೆ ತನ್ನ ಹೊಸ ಹಣಕ್ಕೆ ಚಿನ್ನದ ಹೆಸರನ್ನೇ ಇಟ್ಟಿತು. ಆದರೂ ಅದೇ ಸೆಪ್ಟೆಂಬರಿನಲ್ಲಿ ಅದರ ಅಧಿಕೃತ ದರವನ್ನು ತೀವ್ರವಾಗಿ ಇಳಿಸಬೇಕಾಯಿತು.

ಇಂತಹ ಗೊಂದಲಗಳ ನಿವಾರಣೆಗಾಗಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1978ರಲ್ಲಿ 4217 ಎಂಬ ಸಂಖ್ಯೆಯ ಮಾನಕವನ್ನು ಪ್ರಕಟಿಸಿತು. ಇದರಂತೆ ಪ್ರತಿಯೊಂದು ಹಣಕ್ಕೂ ಮೂರಕ್ಷರದ ಸಂಕೇತವಿದೆ. ಸಾಮಾನ್ಯವಾಗಿ ಮೊದಲಿನ ಎರಡು ಅಕ್ಷರಗಳು ದೇಶವನ್ನೂ ಮೂರನೆಯದು ಹಣವನ್ನೂ ಸೂಚಿಸುತ್ತವೆ. ಭಾರತದ ರೂಪಾಯಿ ಐಎನ್‌ಆರ್, ಶ್ರೀಲಂಕಾದ್ದು ಎಲ್‌ಕೆಆರ್, ಅಮೆರಿಕದ ಡಾಲರ್ ಯುಎಸ್‌ಡಿ, ಆಸ್ಟ್ರೇಲಿಯಾದ್ದು ಎಯುಡಿ, ಯೆನ್ ಜೆಪಿವೈ, ಯುವಾನ್ ಸಿಎನ್‌ವೈ. ದಶಮಾಂಶದ ನಂತರ ಎಷ್ಟು ಅಂಕಿಗಳೆಂಬುದನ್ನೂ ಈ ಮಾನಕವೇ ಹೇಳುತ್ತದೆ.

ವರ್ತಕರು ಗಮನಿಸಬೇಕಾದ ಅಂಶಗಳು

1. ದರಪಟ್ಟಿ, ಖರೀದಿ ಆದೇಶ, ಇನ್‌ವಾಯ್ಸ್ ಮೂರರಲ್ಲಿಯೂ ಚಿಹ್ನೆಯನ್ನಷ್ಟೇ ನೆಚ್ಚದೆ ಮೂರಕ್ಷರದ ಸಂಕೇತವನ್ನು ಬರೆಯಬೇಕು. ಕೇವಲ $ ಅಥವಾ ¥ ಎಂದು ಬರೆದ ಪತ್ರ ಯಾವ ದೇಶದ ಹಣವೆಂಬ ಪ್ರಶ್ನೆಗೆ ಎಡೆಕೊಡುತ್ತದೆ.

2. ಲೆಟರ್ ಆಫ್ ಕ್ರೆಡಿಟ್ ಮೂಲಕ ವ್ಯವಹರಿಸುವಾಗ ಇನ್‌ವಾಯ್ಸ್ ಅದೇ ಹಣದಲ್ಲಿರಬೇಕು. 2007ರ ಜುಲೈ 1ರಿಂದ ಜಾರಿಯಲ್ಲಿರುವ ಯುಸಿಪಿ 600 ನಿಯಮಾವಳಿಯ 18ನೆಯ ವಿಧಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಇಲ್ಲಿ ವ್ಯತ್ಯಾಸ ಕಂಡರೆ ಬ್ಯಾಂಕು ದಾಖಲೆಗಳನ್ನು ತಿರಸ್ಕರಿಸಬಹುದು.

3. ಕುವೈತ್, ಬಹರೇನ್‌ಗಳ ದಿನಾರ್ ಮತ್ತು ಒಮಾನಿನ ರಿಯಾಲಿಗೆ ನೂರಲ್ಲ, ಸಾವಿರ ಉಪಭಾಗಗಳಿವೆ. ಅಲ್ಲಿ ‘1.500’ ಎಂದರೆ ಒಂದೂವರೆ ದಿನಾರ್. ಸಾವಿರದ ಐನೂರು ಅಲ್ಲ. ಯೆನ್ನಿಗೆ ಬಳಕೆಯಲ್ಲಿ ಉಪಭಾಗವೇ ಇಲ್ಲ.

4. ಮೊತ್ತವನ್ನು ಅಂಕಿಯ ಜೊತೆಗೆ ಅಕ್ಷರಗಳಲ್ಲಿಯೂ, ಹಣದ ಪೂರ್ಣ ಹೆಸರಿನೊಡನೆ ಬರೆಯಬೇಕು. ಚೆಕ್ಕು, ಹುಂಡಿಗಳಿಗೆ ಅನ್ವಯಿಸುವ 1881ರ ವರ್ಗಾವಣೀಯ ಲಿಖಿತಗಳ ಅಧಿನಿಯಮದ 18ನೆಯ ಕಲಮಿನಂತೆ, ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸವಿದ್ದರೆ ಅಕ್ಷರದಲ್ಲಿ ಬರೆದ ಮೊತ್ತವೇ ಸಲ್ಲುತ್ತದೆ.

5. ₹ ಚಿಹ್ನೆ ಹಳೆಯ ಗಣಕಯಂತ್ರಗಳಲ್ಲಿ ಖಾಲಿ ಚೌಕವಾಗಿಯೋ ಬೇರೆ ಗುರುತಾಗಿಯೋ ಕಾಣಿಸಬಹುದು. ಮಿಂಚಂಚೆಯಲ್ಲಿ ಹೊರದೇಶಕ್ಕೆ ಕಳುಹಿಸುವ ಪತ್ರಗಳಲ್ಲಿ ಐಎನ್‌ಆರ್ ಎಂಬ ಸಂಕೇತ ಸುರಕ್ಷಿತ.

6. ರಿಸರ್ವ್ ಬ್ಯಾಂಕ್ 2022ರ ಜುಲೈ 11ರ ಸುತ್ತೋಲೆಯ ಮೂಲಕ ರೂಪಾಯಿಯಲ್ಲಿಯೇ ಆಮದು–ರಫ್ತಿನ ಇನ್‌ವಾಯ್ಸ್ ಮಾಡಿ ಪಾವತಿ ಪಡೆಯುವ ವ್ಯವಸ್ಥೆಗೆ ಅವಕಾಶ ಕಲ್ಪಿಸಿದೆ. ವಿನಿಮಯ ದರದ ಏರಿಳಿತದಿಂದ ಪಾರಾಗಬಯಸುವ ಸಣ್ಣ ಉದ್ದಿಮೆದಾರರು ತಮ್ಮ ಬ್ಯಾಂಕಿನಲ್ಲಿ ಈ ಬಗ್ಗೆ ವಿಚಾರಿಸಬಹುದು. ನೆರೆಯ ಹಲವು ದೇಶಗಳಲ್ಲಿ ಹಣದ ಹೆಸರೂ ರೂಪಾಯಿಯೇ ಆಗಿರುವುದರಿಂದ, ಇಂತಹ ಕರಾರುಗಳಲ್ಲಿ ‘ಭಾರತೀಯ ರೂಪಾಯಿ’ ಎಂದು ಪೂರ್ತಿಯಾಗಿ ಬರೆಯುವುದು ಅತ್ಯಗತ್ಯ.

ಹಿಂದಿನ ಕಾಲದ ವರ್ತಕನು ನಾಣ್ಯವನ್ನು ಕಲ್ಲಿನ ಮೇಲೆ ಬಡಿದು ಅದರ ನಾದ ಕೇಳುತ್ತಿದ್ದನು, ಒರೆಗಲ್ಲಿಗೆ ಉಜ್ಜಿ ನೋಡುತ್ತಿದ್ದನು, ತಕ್ಕಡಿಯಲ್ಲಿಟ್ಟು ತೂಗುತ್ತಿದ್ದನು. ಇಂದು ತೂಗಲು ಬೆಳ್ಳಿಯಿಲ್ಲ, ಬಹುಪಾಲು ವ್ಯವಹಾರದಲ್ಲಿ ನೋಟೂ ಕೈಗೆ ಬರುವುದಿಲ್ಲ; ಖಾತೆಯಿಂದ ಖಾತೆಗೆ ಅಂಕಿಗಳು ಮಾತ್ರ ಸಾಗುತ್ತವೆ. ಬರೆದ ಹೆಸರೇ ಈಗ ನಾಣ್ಯ. ಅದನ್ನು ಪರೀಕ್ಷಿಸುವ ರೂಪದರ್ಶಕನ ಕೆಲಸ ಈಗ ಪ್ರತಿಯೊಬ್ಬ ವರ್ತಕನದೂ, ಅವನ ಲೆಕ್ಕ ಬರೆಯುವವನದೂ ಆಗಿದೆ. ಸಹಿ ಹಾಕುವ ಮೊದಲು ಮೊತ್ತವನ್ನು ನೋಡುವ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಮೊತ್ತದ ಹಿಂದಿರುವ ಹೆಸರನ್ನೂ ಅಷ್ಟೇ ಎಚ್ಚರದಿಂದ ನೋಡುವುದು ಒಳ್ಳೆಯದು.